ಮುದ್ದಣನಿಗೆ ಮನೋರಮೆ, ನಿಮಗೆ ಯಾರು?

ಕಾರ್ಕಳ ಪೇಟೆಯ ಮಗ್ಗುಲಿಗೇ ಇರುವ ಕುಕ್ಕುಂದೂರಿನಲ್ಲಿ ಗಣಿತನಗರ ಅಂತೊಂದು ಜಾಗ ಇದೆ. ದೇವರ ಹೆಸರು, ಪುಢಾರಿಗಳ ಹೆಸರು ಹೊತ್ತ ನಗರಗಳೇ ತುಂಬಿರುವ ನಾಡಿನಲ್ಲಿ ಗಣಿತಕ್ಕೂ ಒಂದು ನಗರ ಸಿಕ್ಕಿದ್ದು ಸಂತೋಷವೇ. ದೂರದೂರದ ಮಕ್ಕಳು ಇಲ್ಲಿಗೆ ಬಂದು ಪಿಯುಸಿ ಓದುತ್ತಾರೆ. ಬೆಳಗಾದರೆ ನೀಟ್, ಸಂಜೆಯಾದರೆ ಜೆಇಇ. ಅಂಥ ಒಂದು ಮಗುವಿಗೆ ಇಂಟಿಗ್ರೇಶನ್ ಲೆಕ್ಕ ಕೊಡಿ, ಹೆದರುವುದಿಲ್ಲ. ದಾರಿ ಗೊತ್ತಿಲ್ಲದಿದ್ದರೂ ಏನೋ ಒಂದು ಶುರುಮಾಡುತ್ತದೆ. ಅದೇ ಮಗುವಿಗೆ ಬಿಳಿ ಹಾಳೆ ಕೊಟ್ಟು ‘ನಿನ್ನ ಅಜ್ಜಿಯ ಬಗ್ಗೆ ಎರಡು ಪುಟ ಬರಿ’ ಅನ್ನಿ. ಕುರ್ಚಿ ಸರಿಮಾಡಿಕೊಳ್ಳುತ್ತದೆ, ನೀರು ಕುಡಿಯುತ್ತದೆ, ಹಾಳೆಯ ಎಡಬದಿಗೆ ಗೆರೆ ಎಳೆಯುತ್ತದೆ, ಆ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯುತ್ತದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ‘ನನ್ನ ಅಜ್ಜಿ ಮಮತೆಯ ಮೂರ್ತಿ’ ಎಂಬ ಒಂದು ಸಾಲು. ಅದನ್ನೂ ಹೊಡೆದುಹಾಕಿರುತ್ತದೆ.

ಲೆಕ್ಕಕ್ಕೆ ‘ದತ್ತ’ ಎಂಬುದೊಂದು ಇರುತ್ತದೆ. ಇಷ್ಟು ಕೊಟ್ಟಿದೆ, ಇಂಥದ್ದನ್ನು ಕಂಡುಹಿಡಿ ಎಂದು ಪ್ರಶ್ನೆಯೇ ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ. ಬಿಳಿ ಹಾಳೆ ಏನನ್ನೂ ಕೊಡುವುದಿಲ್ಲ, ಏನನ್ನೂ ಕೇಳುವುದೂ ಇಲ್ಲ. ಬರವಣಿಗೆ ಕಟ್ಟಿಹೋಗುವುದರ ಬಗ್ಗೆ ನನಗೆ ಹೇಳಲಿಕ್ಕಿರುವುದೆಲ್ಲ ಈ ‘ಕೇಳುವುದಿಲ್ಲ’ ಎಂಬುದರ ಸುತ್ತಲೇ ಇದೆ. ಬಹಳ ಸಲ ಬರೆಯುವವರ ತಲೆ ಖಾಲಿಯಾಗಿರುವುದಿಲ್ಲ, ಎದುರಿನ ಕುರ್ಚಿ ಖಾಲಿಯಾಗಿರುತ್ತದೆ. ಕೇಳುವವರು ಕೂರಬೇಕಾದ ಆ ಕುರ್ಚಿಯಲ್ಲಿ ಕೆಂಪು ಪೆನ್ನು ಹಿಡಿದವರೊಬ್ಬರು ಬಂದು ಕೂತುಬಿಡುತ್ತಾರೆ. ಅಲ್ಲಿಗೆ ಕೈ ನಿಲ್ಲುತ್ತದೆ. ಇದಕ್ಕೊಂದು ಮದ್ದನ್ನು ಕಾರ್ಕಳ ಸೀಮೆಯವರು ಯಾವತ್ತೋ ಕಂಡುಕೊಂಡಿದ್ದರು. ಅಲ್ಲಿಗೆ ಬರುತ್ತೇನೆ.

ಕಾಟ ಮಕ್ಕಳಿಗೆ ಮಾತ್ರ ಅಲ್ಲ. ಮೂರನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡ ಸಂಶೋಧನಾ ವಿದ್ಯಾರ್ಥಿಗಳು ಮಣಿಪಾಲದ ಕ್ಯಾಂಟೀನುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ದೀಪಾವಳಿ ಸಂಚಿಕೆಗೆ ಕಥೆ ಒಪ್ಪಿಕೊಂಡು ‘ನಾಳೆ ಖಂಡಿತ’ ಎನ್ನುತ್ತಲೇ ಫೋನ್ ಎತ್ತುವುದನ್ನು ನಿಲ್ಲಿಸಿದ ಕಥೆಗಾರರು ಯಾರೆಂದು ಯಾವ ಪುರವಣಿ ಸಂಪಾದಕರನ್ನು ಕೇಳಿದರೂ ಹೆಸರು ಸಮೇತ ಹೇಳಿಯಾರು. ಇದನ್ನೊಂದು ಕಾಯಿಲೆ ಎಂಬಂತೆ ಗುರುತಿಸಿ ‘ರೈಟರ್ಸ್ ಬ್ಲಾಕ್’ ಎಂದು ಹೆಸರಿಟ್ಟವನು ಎಡ್ಮಂಡ್ ಬರ್ಗ್ಲರ್. ವಿಯೆನ್ನಾದಿಂದ ನ್ಯೂಯಾರ್ಕಿಗೆ ಹೋಗಿ ನೆಲೆಸಿದ್ದ ಮನೋವಿಶ್ಲೇಷಕ, ಹೆಸರಿಟ್ಟದ್ದು 1947ರಲ್ಲಿ. ಎಳವೆಯಲ್ಲಿ ತಾಯಿಯ ಹಾಲು ಸಾಕಷ್ಟು ಸಿಗಲಿಲ್ಲ ಎಂಬ ಒಳಗಿನ ಸಿಟ್ಟೇ ಮುಂದೆ ಹೀಗೆ ಪ್ರಕಟವಾಗುತ್ತದೆ ಎಂಬರ್ಥದ ವಾದ ಅವನದ್ದು. ಬರೆಯಲಾಗದಿದ್ದರೆ ಅದಕ್ಕೂ ಅಮ್ಮನೇ ಹೊಣೆ! 1974ರಲ್ಲಿ ಡೆನಿಸ್ ಅಪ್ಪರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಬರವಣಿಗೆ ನಿಂತುಹೋದದ್ದಕ್ಕೆ ತಾನೇ ಚಿಕಿತ್ಸೆ ಮಾಡಿಕೊಂಡು ವಿಫಲನಾದ ಬಗ್ಗೆ ಗಂಭೀರ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದ. ಶೀರ್ಷಿಕೆ ಇತ್ತು, ಹೆಸರಿತ್ತು, ಕೆಳಗೆ ಪುಟ ಪೂರ್ತಿ ಖಾಲಿ. ಈ ವಿಷಯದ ಮೇಲೆ ಬಂದ ಪ್ರಬಂಧಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಕೆಲಸಕ್ಕೆ ಬರುವ ಮಾತು ಹೇಳಿದವನು ಮೈಕ್ ರೋಸ್. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವನು 10 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದ, 1980ರಲ್ಲಿ ಅದರ ಬಗ್ಗೆ ಬರೆದ. ಅವರಲ್ಲಿ ಐವರಿಗೆ ಬರೆಯುವಾಗ ಕೈ ಕಟ್ಟುತ್ತಿತ್ತು, ಐವರಿಗೆ ಇಲ್ಲ. ಜಾಣತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಅವರು ತಲೆಯಲ್ಲಿ ಹೊತ್ತುಕೊಂಡಿದ್ದ ನಿಯಮಗಳಲ್ಲಿ. ಒಬ್ಬಳಿಗೆ ಒಂದು ವಾಕ್ಯ ವ್ಯಾಕರಣಶುದ್ಧವಾಗುವ ತನಕ ಮುಂದಿನ ವಾಕ್ಯಕ್ಕೆ ಹೋಗುವ ಹಾಗಿಲ್ಲ. ಇನ್ನೊಬ್ಬಳಿಗೆ ಮೊದಲ ಪ್ಯಾರಾದಲ್ಲೇ ಓದುಗ ಬೆರಗಾಗಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು; ಆ ಪ್ಯಾರಾ ಮುಗಿಯುತ್ತಲೇ ಇರಲಿಲ್ಲ. ಮತ್ತೊಬ್ಬಳು ರೂಪುರೇಷೆಯನ್ನೇ ಎಷ್ಟು ಜಟಿಲವಾಗಿ ಬರೆದುಕೊಳ್ಳುತ್ತಿದ್ದಳೆಂದರೆ ಅದರಿಂದ ಪ್ರಬಂಧಕ್ಕೆ ಇಳಿಯಲು ದಾರಿಯೇ ಕಾಣುತ್ತಿರಲಿಲ್ಲ. ಸಲೀಸಾಗಿ ಬರೆಯುತ್ತಿದ್ದ ಐವರಿಗೂ ನಿಯಮಗಳಿದ್ದವು. ಆದರೆ ಹೊಂದದಿದ್ದರೆ ಬಿಟ್ಟು ಮುಂದೆ ಹೋಗುವ ಧಾರಾಳತನವೂ ಇತ್ತು.

ನಮ್ಮ ಕರಾವಳಿಯಲ್ಲಿ ಈ ನಿಯಮಗಳ ಮೇಲೆ ಇನ್ನೊಂದು ಹೊರೆ ಕೂತಿದೆ. ಇಲ್ಲಿ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಬಹುಪಾಲು ಶಾಲೆಯಿಂದ ಬಂದದ್ದು. ಹಾಗಾಗಿ ನಮ್ಮ ಕನ್ನಡ ಶುದ್ಧ ಎಂದು ಘಟ್ಟದ ಮೇಲಿನವರು ಹೊಗಳುತ್ತಾರೆ, ನಾವೂ ನಂಬಿದ್ದೇವೆ. ಆದರೆ ಶಾಲೆಯಲ್ಲಿ ಕಲಿತ ಭಾಷೆಯ ಜೊತೆಗೆ ಶಾಲೆಯ ಹೆದರಿಕೆಯೂ ಬಂದಿರುತ್ತದೆ. ಜಗಳಾಡಲು, ಗೇಲಿ ಮಾಡಲು, ಮೀನು ಚೌಕಾಶಿ ಮಾಡಲು ಬಳಸದ ಭಾಷೆಯಲ್ಲಿ ಪೆನ್ನು ಹಿಡಿದ ಕೂಡಲೇ ‘ಪ್ರಕೃತಿಯ ಮಡಿಲು’, ‘ಮಮತೆಯ ಮೂರ್ತಿ’ಗಳು ಸಾಲಾಗಿ ಬಂದು ನಿಲ್ಲುತ್ತವೆ. ಅವು ಯಾರದ್ದೂ ಅಲ್ಲ ಎಂದು ಬರೆಯುವವರಿಗೇ ಗೊತ್ತಿರುತ್ತದೆ. ಅದಕ್ಕೇ ಹೊಡೆದುಹಾಕುತ್ತಾರೆ.

ಕಾರ್ಕಳದ ಒಂದು ಕಮ್ಮಟದಲ್ಲಿ ಹೀಗೆ ಒಂದೇ ಸಾಲಿಗೆ ನಿಂತ ಹುಡುಗಿಯೊಬ್ಬಳನ್ನು ಕಂಡಿದ್ದೇನೆ. ‘ಬರೆಯುವುದು ಬೇಡ ಮಾರಾಯ್ತಿ, ನಿನ್ನ ಪಕ್ಕದವಳಿಗೆ ಹೇಳು ಸಾಕು, ತುಳುವಿನಲ್ಲೇ ಹೇಳು’ ಎಂದೆವು. ಹೇಳಿದಳು. ಅಜ್ಜಿ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯಲ್ಲಿ ಹೊಗೆಸೊಪ್ಪಿನ ಹುಡಿ, ನೆನೆಸಿ ಕತ್ತರಿಸಿದ ಎಲೆ, ನೂಲು. ಕಣ್ಣು ಟಿವಿಯಲ್ಲಿ, ಬೆರಳು ಎಲೆಯಲ್ಲಿ. ಧಾರಾವಾಹಿಯ ಸೊಸೆ ಅತ್ತಾಗ ಮಾತ್ರ ಅಜ್ಜಿಯ ಬೆರಳು ಸಡಿಲವಾಗುತ್ತದೆ, ಆಗ ಕಟ್ಟಿದ ಬೀಡಿ ಬ್ರಾಂಚಿನಲ್ಲಿ ರಿಜೆಕ್ಟ್ ಆಗುತ್ತದೆ. ‘ಆ ಸೊಸೆಯಿಂದ ನಮಗೆ ವಾರಕ್ಕೆ ಇಷ್ಟು ಲಾಸ್’ ಎಂದು ಅಜ್ಜಿ ಬೈಯುತ್ತಾರಂತೆ, ಮರುದಿನ ಮತ್ತೆ ಅದನ್ನೇ ನೋಡುತ್ತಾರಂತೆ. ಪಕ್ಕದವಳು ನಗುತ್ತಾ ‘ಮತ್ತೆ? ಅಜ್ಜ ಏನನ್ನುತ್ತಾರೆ?’ ಎಂದು ಕೇಳಿದಳು. ಅಜ್ಜನ ಕಥೆಯೂ ಬಂತು. ಹೇಳಿದ್ದನ್ನು ಹೇಳಿದ ಹಾಗೇ ಕನ್ನಡಕ್ಕೆ ಇಳಿಸು ಎಂದಾಗ ಎರಡು ಪುಟ ದಾಟಿತ್ತು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ತಿದ್ದಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಪಕ್ಕದವಳ ಆ ‘ಮತ್ತೆ?’ ಇದೆಯಲ್ಲ, ಅದು ಈ ತಾಲ್ಲೂಕಿಗೆ ಹೊಸದಲ್ಲ.

ಕುಕ್ಕುಂದೂರಿನಿಂದ ಬೆಳ್ಮಣ್ಣಿನ ಕಡೆ ಹೋದರೆ ನಂದಳಿಕೆ. 1870ರ ಜನವರಿ 24ರಂದು ಅಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುವ ಮೇಷ್ಟ್ರಾಗಿದ್ದ. ಬಡತನ, ಕ್ಷಯ, ಮೇಲಿಂದ ಮೇಲೆ ಕೆಲಸದ ತಾಪತ್ರಯ. ಯಕ್ಷಗಾನದ ಹುಚ್ಚಿತ್ತು, ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಪ್ರಸಂಗ ಬರೆದ. ಹಳಗನ್ನಡವನ್ನು ಚೆನ್ನಾಗಿ ಓದಿಕೊಂಡಿದ್ದ. ಆದರೆ ಡ್ರಿಲ್ ಮೇಷ್ಟ್ರು ಹಳಗನ್ನಡ ಕಾವ್ಯ ಬರೆದಿದ್ದಾನೆ ಎಂದರೆ 1890ರ ದಶಕದ ಪಂಡಿತರು ಓದುತ್ತಿದ್ದರೇ? ಇಂಥ ಸಂಶಯ ಒಂದೇ ಸಾಕು, ಯಾರದ್ದಾದರೂ ಕೈ ಕಟ್ಟಿಹಾಕಲು.

ಅವನು ಮಾಡಿದ ಉಪಾಯ ಕನ್ನಡ ಸಾಹಿತ್ಯ ಚರಿತ್ರೆಯಲ್ಲೇ ಅಪರೂಪದ್ದು. ಬರೆದದ್ದು ತಾನು ಎಂಬುದನ್ನೇ ಮುಚ್ಚಿಟ್ಟ. ಮೈಸೂರಿನಿಂದ ಹೊರಡುತ್ತಿದ್ದ ‘ಕಾವ್ಯಮಂಜರಿ’, ‘ಕರ್ಣಾಟಕ ಕಾವ್ಯಕಲಾನಿಧಿ’ ಹಳೆಯ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದವು. ಇಗೋ ಇದೊಂದು ಹಳೆಯ ಪ್ರತಿ ಸಿಕ್ಕಿದೆ ಎಂಬಂತೆ ಇವನು ತನ್ನ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ಕೊನೆಗೆ ‘ಶ್ರೀರಾಮಾಶ್ವಮೇಧ’ವನ್ನು ಅತ್ತ ಕಳಿಸಿದ. ಪಂಡಿತರು ಹಳೆಯ ಕವಿಯದ್ದೆಂದೇ ಓದಿದರು, ಮೆಚ್ಚಿದರು. 1901ರ ಫೆಬ್ರವರಿ 15ರಂದು 31ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ರಾಮಾಶ್ವಮೇಧದ ಕವಿ ಮುದ್ದಣ ಎಂದರೆ ನಂದಳಿಕೆಯ ಈ ಮೇಷ್ಟ್ರೇ ಎಂದು ಲೋಕಕ್ಕೆ ತಿಳಿದದ್ದು ಆಮೇಲೆ.

ಇದನ್ನು ನಾವು ಸಾಮಾನ್ಯವಾಗಿ ವಿನಯದ ಕಥೆಯಾಗಿ, ಇಲ್ಲವೇ ದುರಂತದ ಕಥೆಯಾಗಿ ಹೇಳುತ್ತೇವೆ. ಎರಡೂ ಹೌದು. ನನಗೆ ಅದರಲ್ಲಿ ಒಂದು ಕಸುಬುದಾರಿಕೆಯೂ ಕಾಣುತ್ತದೆ. ಹೆಸರು ಅಡಗಿಸಿಟ್ಟಾಗ ಕೆಂಪು ಪೆನ್ನಿನವರು ಎದ್ದುಹೋದರು. ಖಾಲಿಯಾದ ಆ ಕುರ್ಚಿಯಲ್ಲಿ ಅವನು ಮನೋರಮೆಯನ್ನು ತಂದು ಕೂರಿಸಿದ.

ರಾಮಾಶ್ವಮೇಧ ಓದಿದವರಿಗೆ ಆ ಕೂಟ ಮರೆಯುವುದಿಲ್ಲ. ಮಳೆಗಾಲ. ಕವಿ ಅರಮನೆಯಿಂದ ಮನೆಗೆ ಬರುತ್ತಾನೆ (ನಿಜದ ಕವಿ ಶಾಲೆಯ ಬಯಲಿನಿಂದ ಬರುತ್ತಿದ್ದ ಎಂಬುದು ಬೇರೆ ಮಾತು). ಮಡದಿ ಮನೋರಮೆ ಉಪಚರಿಸುತ್ತಾಳೆ, ಹೊತ್ತು ಹೋಗಲು ಒಂದು ಕಥೆ ಹೇಳು ಎನ್ನುತ್ತಾಳೆ. ಯಾವ ಕಥೆ ಎಂಬುದಕ್ಕೇ ಒಂದಷ್ಟು ಚೌಕಾಶಿ. ಪದ್ಯದಲ್ಲೋ ಗದ್ಯದಲ್ಲೋ ಎಂದರೆ ಪದ್ಯದ ಗೊಡವೆಯೇ ಬೇಡ ಎನ್ನುತ್ತಾಳೆ. ಕವಿ ಉದ್ದುದ್ದ ಸಂಸ್ಕೃತ ಸಮಾಸಗಳಲ್ಲಿ ಶುರುಮಾಡಿದರೆ ತಡೆದು, ತಿಳಿಯುವ ಹಾಗೆ ಕನ್ನಡದಲ್ಲಿ ಹೇಳು ಎಂದು ಹಟ ಹಿಡಿಯುತ್ತಾಳೆ. ಕಥೆಯ ನಡುನಡುವೆ ಬಾಯಿ ಹಾಕುತ್ತಾಳೆ, ತಮಾಷೆ ಮಾಡುತ್ತಾಳೆ, ಸಂದೇಹ ಎತ್ತುತ್ತಾಳೆ. ಅವಳಿಲ್ಲದಿದ್ದರೆ ಅದು ಇನ್ನೊಂದು ಹಳಗನ್ನಡ ಕಾವ್ಯದ ಅನುಕರಣೆಯಾಗಿ ಉಳಿಯುತ್ತಿತ್ತೋ ಏನೋ. ಈವತ್ತು ಜನರ ನೆನಪಿನಲ್ಲಿರುವುದು ಅಶ್ವವೂ ಅಲ್ಲ, ಮೇಧವೂ ಅಲ್ಲ, ಈ ಗಂಡಹೆಂಡಿರ ಸಲ್ಲಾಪವೇ. ಬರೆಯುವಾಗ ಕವಿಗೆ ಬೇಕಿದ್ದ ಕೇಳುವವಳು ಕಾವ್ಯದ ಪಾತ್ರವೇ ಆಗಿಬಿಟ್ಟಳು.

ಮುದ್ದಣನಿಗೂ ಮುನ್ನೂರು ವರ್ಷ ಹಿಂದೆ ಇದೇ ಸೀಮೆಯಲ್ಲಿ ರತ್ನಾಕರವರ್ಣಿ ಇದ್ದ. ಮೂಡುಬಿದಿರೆಯವನು, ಕಾರ್ಕಳದ ಭೈರರಸರ ಆಸ್ಥಾನದ ಕವಿ. ಹದಿನಾರನೇ ಶತಮಾನದಲ್ಲಿ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ ಬರೆದ. ಶುರುವಿನಲ್ಲೇ ಅವನು ಕಲ್ಪಿಸಿಕೊಳ್ಳುವುದು ಪಂಡಿತರ ಸಭೆಯನ್ನಲ್ಲ. ಕನ್ನಡಿಗರು, ತೆಲುಗರು, ತುಳುವರು ಕೂತು ಕೇಳುತ್ತಾ ತಂತಮ್ಮ ಮಾತಿನಲ್ಲಿ ಚೆನ್ನಾಯಿತೆಂದು ಉದ್ಗಾರ ತೆಗೆಯುವುದನ್ನು. ಕೇಳುವವರ ಮುಖ ಅಷ್ಟು ಸ್ಪಷ್ಟವಾಗಿ ಕಂಡವನಿಗೆ ಹತ್ತು ಸಾವಿರ ಪದ್ಯ ಹೆಚ್ಚಾಗಿ ಕಂಡಿರಲಿಕ್ಕಿಲ್ಲ.

ಇದೆಲ್ಲ ಕವಿಗಳ ಮಾತಾಯಿತು. ಅಕ್ಷರ ಹಿಡಿಯದೆಯೇ ರಾತ್ರಿಯಿಡೀ ಹೊಸ ಮಾತು ಹುಟ್ಟಿಸುವ ಕಸುಬೊಂದು ಇಲ್ಲಿನ ಊರೂರಿನಲ್ಲಿ ಇದೆ. ತಾಳಮದ್ದಳೆ. ಯಕ್ಷಗಾನ ಆಟದ ಮೇಳಗಳು ತಿರುಗಾಟ ನಿಲ್ಲಿಸಿದ ಮಳೆಗಾಲದಲ್ಲಿ ದೇವಸ್ಥಾನದ ಸಭಾಂಗಣಗಳಲ್ಲಿ, ಮನೆಗಳ ಚಾವಡಿಯಲ್ಲಿ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆಮದ್ದಳೆಯವರು, ಎದುರುಬದುರು ಕೂತ ಅರ್ಥಧಾರಿಗಳು, ಅಷ್ಟೇ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಸಂಭಾಷಣೆಯ ಒಂದು ಅಕ್ಷರವೂ ಬರೆದಿರುವುದಿಲ್ಲ. ವಾಲಿಮೋಕ್ಷ ಎಂದಿಟ್ಟುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುವ ಪದ್ಯ. ಭಾಗವತರು ಹಾಡಿ ಮುಗಿಸುತ್ತಾರೆ, ಮದ್ದಳೆಯ ಕೊನೆಯ ಪೆಟ್ಟು ಬೀಳುತ್ತದೆ, ಸಭೆಯ ಕಣ್ಣೆಲ್ಲ ವಾಲಿಯ ಮೇಲೆ. ಈಗ ಅವರು ಮಾತಾಡಲೇಬೇಕು. ನಾಲ್ಕೈದು ಸಾಲಿನ ಪದ್ಯದಿಂದ ಇಪ್ಪತ್ತು ನಿಮಿಷದ ವಾದ ಹುಟ್ಟಬೇಕು. ಎದುರಿಗೆ ಕೂತ ರಾಮ ಅದಕ್ಕೆ ಏನು ಹೇಳುತ್ತಾರೆಂದು ವಾಲಿಗೂ ಗೊತ್ತಿಲ್ಲ, ರಾಮನಿಗೂ ಗೊತ್ತಿಲ್ಲ.

ಒಳ್ಳೆಯ ಅರ್ಥಧಾರಿ ಮೊದಲ ವಾಕ್ಯಕ್ಕೆ ಹುಡುಕಾಡುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ. ಪದ್ಯದ ಒಂದು ಶಬ್ದವನ್ನು ಹಿಡಿದು ಅದನ್ನೇ ನಿಧಾನವಾಗಿ, ಸಾದಾ ಮಾತಿನಲ್ಲಿ ಹೇಳುತ್ತಾರೆ. ‘ಮರೆ... ಹ್ಞೂಂ. ಮರದ ಮರೆ.’ ಇದರಲ್ಲಿ ಪಾಂಡಿತ್ಯ ಏನೂ ಇಲ್ಲ. ಆದರೆ ಬಾಯಿ ತೆರೆದಾಯಿತು. ಎರಡನೆಯದ್ದು ಸಾಮಾನ್ಯವಾಗಿ ಪ್ರಶ್ನೆ, ಅದೂ ಎದುರಿನವರ ಹೆಸರು ಹಿಡಿದು. ಮೂರನೆಯದ್ದಕ್ಕೆ ಬರುವಾಗ ವಾದದ ದಿಕ್ಕು ಅವರಿಗೇ ಕಾಣಿಸಲು ಶುರುವಾಗಿರುತ್ತದೆ. ನಡುವೆ ಮಾತು ತಡೆದರೆ? ತಡೆಯುತ್ತದೆ, ಘಟಾನುಘಟಿಗಳಿಗೂ. ಆಗ ಎದುರಾಳಿ ಆಡಿದ ಕೊನೆಯ ಮಾತನ್ನೇ ಎತ್ತಿಕೊಂಡು, ‘ಏನಂದೆ? ಧರ್ಮ ಅಂದೆಯಾ?’ ಎಂದು ತಿರುಗಿ ಕೇಳುತ್ತಾರೆ. ಸಭೆಗೆ ಅದು ಚುಚ್ಚುಮಾತು. ಅವರಿಗೆ ಸಿಕ್ಕಿದ್ದು ಉಸಿರೆಳೆದುಕೊಳ್ಳುವ ಸಮಯ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಮಾತಿನ ಬಗ್ಗೆ ಈಗಲೂ ಜನ ಹೇಳಿಕೊಳ್ಳುವುದು ಅವರ ಓದಿನ ಬಗ್ಗೆ ಎಷ್ಟೋ, ಎದುರಿನವರ ಮಾತಿನ ಎಳೆಯಿಂದ ಅವರು ತಮ್ಮ ವಾದ ನೇಯುತ್ತಿದ್ದುದರ ಬಗ್ಗೆಯೂ ಅಷ್ಟೇ.

ಇಲ್ಲಿ ಕಟ್ಟುಪಾಡು ಕಡಿಮೆಯೇನಲ್ಲ. ಪದ್ಯ ಬಿಟ್ಟು ಹೋಗುವ ಹಾಗಿಲ್ಲ, ಕಥೆ ಬದಲಿಸುವ ಹಾಗಿಲ್ಲ, ವಾಲಿ ಸಾಯದೆ ಉಳಿಯುವ ಹಾಗಂತೂ ಇಲ್ಲವೇ ಇಲ್ಲ. ಆದರೂ ಇದು ಮಾತನ್ನು ಕಟ್ಟುವುದಿಲ್ಲ, ಹೊರಡಿಸುತ್ತದೆ. ಹಾಗಾದರೆ ಮೈಕ್ ರೋಸನ ವಿದ್ಯಾರ್ಥಿಗಳ ನಿಯಮಗಳು ಯಾಕೆ ಉಸಿರುಗಟ್ಟಿಸಿದವು? ನನಗೆ ಅನಿಸುವುದು ಇದು: ಯಾವುದರ ಬಗ್ಗೆ ಮಾತಾಡಬೇಕು, ಯಾರೊಂದಿಗೆ ಮಾತಾಡಬೇಕು ಎಂದು ಹೇಳುವ ಕಟ್ಟು ಲೆಕ್ಕದ ‘ದತ್ತ’ದ ಹಾಗೆ ಕೆಲಸ ಮಾಡುತ್ತದೆ. ಆಡುತ್ತಿರುವ ಪ್ರತಿ ಮಾತೂ ಹೀಗೇ ಇರಬೇಕು ಎಂದು ಆಡುವಾಗಲೇ ಕಿವಿ ಹಿಂಡುವ ಕಟ್ಟು ಕೊಲ್ಲುತ್ತದೆ.

ಮಂಜೇಶ್ವರದ ಗೋವಿಂದ ಪೈಗಳು (1883–1963) ಎರಡನೇ ಬಗೆಯ ಒಂದು ಕಟ್ಟನ್ನು ಕಿತ್ತೆಸೆದವರು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಪ್ರಾಸ ಅಂದಿನ ತನಕ ಕನ್ನಡ ಪದ್ಯಕ್ಕೆ ಕಡ್ಡಾಯ ಎಂಬಂತಿತ್ತು. ಹೇಳಬೇಕಾದ ಮಾತು ಒಂದು ಕಡೆ ಎಳೆದರೆ ಎರಡನೇ ಅಕ್ಷರ ಇನ್ನೊಂದು ಕಡೆ. 1911ರಲ್ಲಿ ಗುಜರಾತಿನ ನವಸಾರಿಯಲ್ಲಿದ್ದಾಗ ಅವರು ಅದನ್ನು ಕೈಬಿಟ್ಟು ಬರೆದರು. ಊರಿನ ಪಂಡಿತರಿಂದ ಅಷ್ಟು ದೂರ ಇದ್ದದ್ದೂ ಸಹಾಯಕ್ಕೆ ಬಂದಿರಬೇಕು, ಇದು ನನ್ನ ಊಹೆ. ‘ಗೊಲ್ಗೊಥಾ’, ‘ವೈಶಾಖಿ’ಯಂಥ ಖಂಡಕಾವ್ಯಗಳಿಗೆ ದಾರಿಯಾದದ್ದು ಆ ನಿರ್ಧಾರ. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು.

ಮನೆಯೊಳಗೇ ಕೂತಿರುವ ಕೆಂಪು ಪೆನ್ನಿನವರ ಕಥೆ ಬೇರೆ. ‘ಇದನ್ನು ಓದಿದರೆ ನೆಂಟರು ಏನಂದಾರು’ ಎಂಬ ಒಂದೇ ಪ್ರಶ್ನೆ ಎಷ್ಟು ಕಥೆಗಳನ್ನು ಕೊಂದಿದೆಯೋ, ಮುಖ್ಯವಾಗಿ ಹೆಂಗಸರ ಕಥೆಗಳನ್ನು. ಕುಂದಾಪುರದಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಸಿದ ಜಾನಕಿ ಶ್ರೀನಿವಾಸಮೂರ್ತಿ ಬರವಣಿಗೆಯ ಆರಂಭದಲ್ಲಿ ‘ಸುಧಾ’ ವಾರಪತ್ರಿಕೆಗೆ ಒಂದು ಕಥೆ ಕಳಿಸಿದರು. ಕಳಿಸಿದ ಮೇಲೆ ಅಳುಕಾಯಿತು. ಅದು ನಿಜವಾಗಿ ನಡೆದದ್ದನ್ನೇ ಆಧರಿಸಿದ್ದು, ಅಚ್ಚು ಹಾಕಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಕಥೆ ಬಿಡಲಿಲ್ಲ, ಹೆಸರು ಬದಲಿಸಿ ಹಾಕಿದರು. ಕನ್ನಡಕ್ಕೆ ವೈದೇಹಿ ಸಿಕ್ಕಿದ್ದು ಹಾಗೆ. ಮುದ್ದಣ ತಾನೇ ಹುಡುಕಿಕೊಂಡ ಮರೆಯನ್ನು ಇವರಿಗೆ ಪತ್ರಿಕೆ ಒದಗಿಸಿತು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವಾಗ ಜಾನಕಿ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿತ್ತು.

ವೈದೇಹಿಯವರದ್ದೇ ಇನ್ನೊಂದು ಕೆಲಸವನ್ನು ಬರೆಯಲಾಗದ ಎಲ್ಲರೂ ಗಮನಿಸಬೇಕು. ರಂಗಕರ್ಮಿ ಬಿ.ವಿ. ಕಾರಂತರು ಜೀವನವಿಡೀ ಊರೂರು ಅಲೆದವರು. ಅಂಥವರು ಕೂತು ಆತ್ಮಕಥೆ ಬರೆಯುವುದು ಎಂದರೆ ಆದ ಹಾಗೆಯೇ. ಅವರು ಹೇಳಿದರು, ವೈದೇಹಿ ಕೇಳಿಸಿಕೊಂಡು ಬರೆದರು. ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಪುಸ್ತಕವಾಯಿತು. ಸೇಡಿಯಾಪು ಕೃಷ್ಣಭಟ್ಟರ ನೆನಪುಗಳನ್ನೂ ಅವರು ಹೀಗೆಯೇ ಉಳಿಸಿದರು. ವೈದೇಹಿಯಂಥ ಕೇಳುಗರು ಎಲ್ಲರಿಗೂ ಸಿಗುವುದಿಲ್ಲ, ಸರಿ. ಆದರೆ ಫೋನಿನ ರೆಕಾರ್ಡರ್ ಒತ್ತಿ ಅದರ ಆಚೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿಕೊಂಡು, ಬರೆಯಬೇಕಾದದ್ದನ್ನು ಮೊದಲು ಹೇಳಿಬಿಡಲು ಏನು ಅಡ್ಡಿ? ಕೇಳಿ ಬರೆದುಕೊಂಡದ್ದು ಲೇಖನವಾಗುವುದಿಲ್ಲ. ತಿದ್ದಲು ಏನೋ ಒಂದು ಕೈಯಲ್ಲಿರುತ್ತದೆ, ಅಷ್ಟೇ.

ಕೆಲವೊಮ್ಮೆ ಕೇಳುವವರು ಬೇರೆಯೇ ಲೋಕದವರಾಗಿದ್ದರೆ ಇನ್ನೂ ಒಳ್ಳೆಯದು. ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಗುರು ಮಾಲ್ಕಂ ಬ್ರಾಡ್ಬರಿಯ ಜೊತೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನ್ಮಾ ನೋಡಿದರು. ನಿಮಗೆ ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗ ನನ್ನ ಊರಿನಲ್ಲಿ ಈಗಲೂ ಇದೆ ಎಂಬರ್ಥದ ಮಾತು ಆಮೇಲೆ ಇವರ ಬಾಯಿಂದ ಬಂತು. ಹಾಗಾದರೆ ಅದನ್ನೇ ಬರಿ ಎಂದ ಬ್ರಾಡ್ಬರಿ. ತೀರ್ಥಹಳ್ಳಿ ಸೀಮೆಯ ಅಗ್ರಹಾರದ ‘ಸಂಸ್ಕಾರ’ 1965ರಲ್ಲಿ ಹುಟ್ಟಿದ್ದು ಅಲ್ಲಿ. ಅಗ್ರಹಾರ ಎಂದರೇನೆಂದು ಗೊತ್ತಿಲ್ಲದ ಒಬ್ಬ ಆಸಕ್ತಿಯಿಂದ ಕೇಳಿದ್ದು, ಗೊತ್ತಿದ್ದ ನೂರು ಮಂದಿ ಸುಮ್ಮನಿದ್ದದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿತು.

ಸ್ಫೂರ್ತಿ ಬರುವ ತನಕ ಕಾಯುತ್ತೇನೆ ಎನ್ನುವವರಿಗೆ ರಾಬರ್ಟ್ ಬಾಯ್ಸ್‌ನ ಪ್ರಯೋಗ ಕಹಿ ಔಷಧ. ಎಂಬತ್ತರ ದಶಕದ ಶುರುವಿನಲ್ಲಿ ಈ ಅಮೆರಿಕನ್ ಮನಶ್ಶಾಸ್ತ್ರಜ್ಞ ಬರವಣಿಗೆ ನಿಂತುಹೋಗಿದ್ದ 27 ಮಂದಿ ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ಒಂದು ಗುಂಪು ತುರ್ತಿನದ್ದನ್ನು ಬಿಟ್ಟರೆ ಏನೂ ಬರೆಯಬಾರದು. ಎರಡನೆಯದ್ದು ಮನಸ್ಸಾದಾಗ ಮಾತ್ರ. ಮೂರನೆಯವರಿಗೆ ಗೊತ್ತು ಮಾಡಿದ ಹೊತ್ತಿಗೆ ಬರೆಯಲೇಬೇಕೆಂಬ ಒತ್ತಾಯ, ತಪ್ಪಿದರೆ ತಮಗೆ ಸ್ವಲ್ಪವೂ ಆಗದ ಸಂಘಟನೆಯೊಂದಕ್ಕೆ ದೇಣಿಗೆ ಕೊಡಬೇಕೆಂಬ ದಂಡ. ಹೆಚ್ಚು ಪುಟ ಮೂರನೇ ಗುಂಪಿನವರದ್ದಾಗುವುದು ಸಹಜ. ಆದರೆ ಹೊಸ ಹೊಳಹುಗಳೂ ಹೆಚ್ಚಾಗಿ ಬಂದದ್ದು ಅವರಿಗೇ. ವಾರದ ಧಾರಾವಾಹಿ ಬರೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಓದುಗರ ಕೈಗೆ ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ ಕಂತು ಕಂತಾಗಿ. ಮುಂದಿನ ವಾರ ನಾಯಕಿ ನಾದಿರಾಳಿಗೆ ಏನಾಯಿತು ಎಂದು ಕೇಳುವವರು ಅಂಗಡಿಯ ಮುಂದೆ ನಿಂತಿರುವಾಗ ಸ್ಫೂರ್ತಿಯ ಪ್ರಶ್ನೆ ಏಳುವುದಿಲ್ಲ.

ನಡಿಗೆಯೂ ಒಂದು ಮದ್ದು. ನಡೆಯುವಾಗ ಹೊಸ ಯೋಚನೆಗಳು ಸರಾಸರಿ ಶೇ. 60ರಷ್ಟು ಹೆಚ್ಚಾದವು ಎಂದು ಸ್ಟ್ಯಾನ್‌ಫರ್ಡ್‌ನವರು 2014ರಲ್ಲಿ ತೋರಿಸಿದ್ದಾರೆ. ಅವರು ಟ್ರೆಡ್‌ಮಿಲ್ಲಿನ ಮೇಲೂ ನಡೆಸಿ ನೋಡಿದ್ದರು, ಗೋಡೆ ನೋಡುತ್ತಾ ನಡೆದರೂ ಫಲ ಸಿಕ್ಕಿತು. ಆಟಿಯ ಮಳೆಯಲ್ಲಿ ಆನೆಕೆರೆಗೆ ಸುತ್ತು ಹಾಕಲಾಗದ ಕಾರ್ಕಳದವರು ಚಾವಡಿಯಲ್ಲೇ ಆಚೀಚೆ ನಡೆದರೂ ನಡೆಯುತ್ತದೆ ಎಂದಾಯಿತು.

ಎಲ್ಲ ಮೌನವೂ ಹೀಗೆ ಹೋಗಲಾಡಿಸುವಂಥದ್ದಲ್ಲ. ಬರೆಯುವುದು ಮಾತ್ರವಲ್ಲ, ಉಣ್ಣುವುದು, ನಿದ್ದೆ, ಮಾತು ಎಲ್ಲವೂ ಬೇಡವಾಗಿದ್ದರೆ ಅದು ಬರವಣಿಗೆಯ ಸಮಸ್ಯೆ ಅಲ್ಲ, ಡಾಕ್ಟರನ್ನು ಕಾಣಬೇಕಾದದ್ದು. ಇನ್ನು ಕೆಲವರಿಗೆ ಹೇಳಲಿಕ್ಕೆ ಈಗ ನಿಜವಾಗಿಯೂ ಏನೂ ಇರುವುದಿಲ್ಲ. ಅವರು ಬರೆಯದೆ ಇರುವುದು ಓದುಗರಿಗೂ ಹಿತ.

ಈಚೆಗೆ ಮಕ್ಕಳು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಫೋನಿಗೆ ‘ಅಜ್ಜಿಯ ಬಗ್ಗೆ ಪ್ರಬಂಧ’ ಎಂದು ಕೇಳಿದರೆ ಅರೆಕ್ಷಣದಲ್ಲಿ ಬರುತ್ತದೆ. ಬಂದದ್ದನ್ನು ಓದಿದ್ದೇನೆ. ‘ಮಮತೆಯ ಮೂರ್ತಿ’ ಅಲ್ಲಿಯೂ ಇದ್ದಾಳೆ, ಈ ಸಲ ಹೊಡೆದುಹಾಕುವವರಿಲ್ಲ. ಅದೇ ಯಂತ್ರಕ್ಕೆ ‘ನೀನು ಬರೆಯಬೇಡ, ನನ್ನ ಅಜ್ಜಿಯ ಬಗ್ಗೆ ನನ್ನನ್ನು ಒಂದೊಂದಾಗಿ ಪ್ರಶ್ನೆ ಕೇಳು’ ಎಂದರೆ ಒಂದಷ್ಟು ಉಪಯೋಗವಾದೀತು. ಆದರೆ ಬೀಡಿ ರಿಜೆಕ್ಟ್ ಆದದ್ದಕ್ಕೆ ಅದು ನಗುವುದಿಲ್ಲ. ನಕ್ಕವರ ಮುಖ ನೋಡಿಯೇ ಆ ಹುಡುಗಿಗೆ ಅಜ್ಜನ ಕಥೆ ನೆನಪಾದದ್ದು.

ಕಮ್ಮಟಗಳಲ್ಲಿ ಈಗ ಮೊದಲು ಮಾಡಿಸುವುದು ಇದೊಂದನ್ನೇ. ಹಾಳೆಯ ತಲೆಯಲ್ಲಿ ವಿಷಯ ಬರೆಯುವ ಮೊದಲು ಒಬ್ಬರ ಹೆಸರು ಬರೆಯಬೇಕು, ಯಾರಿಗೆ ಹೇಳುತ್ತಿದ್ದೀಯೋ ಅವರದ್ದು. ಬರೆದು ಮುಗಿದ ಮೇಲೆ ಅಳಿಸಿದರಾಯಿತು. ಕನ್ನಡ ಟೀಚರ ಹೆಸರು ಬರೆಯುವಂತಿಲ್ಲ, ಬಹುಮಾನ ಕೊಡುವವರದ್ದೂ ಇಲ್ಲ. ಹೆಚ್ಚಿನವರು ಅಕ್ಕ, ತಮ್ಮ, ಊರು ಬಿಟ್ಟು ದುಬೈಗೆ ಹೋದ ಮಾಮ ಎಂದು ಬರೆಯುತ್ತಾರೆ. ಒಬ್ಬ ಮಾತ್ರ ಜೋಡುರಸ್ತೆಯ ಸ್ಟ್ಯಾಂಡಿನಲ್ಲಿ ರಿಕ್ಷಾ ಇಡುವ ಪರಿಚಯದವರೊಬ್ಬರ ಹೆಸರು ಬರೆದಿದ್ದ. ಯಾಕೆ ಅವರೇ ಎಂದದ್ದಕ್ಕೆ, ‘ಅವರಿಗೆ ಬಾಡಿಗೆ ಸಿಕ್ಕಿದ್ರೆ ಅರ್ಧದಲ್ಲೇ ಎದ್ದು ಹೋಗ್ತಾರೆ ಸರ್, ಮುಖ್ಯ ಇದ್ದದ್ದನ್ನು ಮೊದಲೇ ಹೇಳಿಬಿಡ್ಬೇಕು’ ಎಂದ.